ಮೆಡಿಕಲ್ ಸ್ಟೋರಿನಲ್ಲಿ ಎರಡು ಚೀಟಿ

ತಿಪಟೂರಿನ ಒಂದು ಮೆಡಿಕಲ್ ಸ್ಟೋರು, ಸಂಜೆ ಹೊತ್ತು. ಒಬ್ಬರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಅಂಗಡಿಯಾಕೆ, ಬಿ.ಫಾರ್ಮ ಓದುವ ಮುಂಚೆ ಇವರ ಹತ್ತಿರವೇ ಬೀಜಗಣಿತ ಕಲಿತವರು.

— ಈ ತಿಂಗಳದ್ದು ಎಲ್ಲಾ ಕೊಟ್ಬಿಡಮ್ಮ. ಕ್ಲೊಪಿಡೊಗ್ರೆಲ್ ಮಾತ್ರ ಬೇಡ.

— ಯಾಕೆ ಮೇಷ್ಟ್ರೇ? ಸ್ಟೆಂಟ್ ಹಾಕಿ ಇನ್ನೂ ನಾಲ್ಕು ತಿಂಗಳಾಗಿಲ್ಲ. ನಿಲ್ಲಿಸಿ ಅಂತ ಯಾರು ಹೇಳಿದ್ರು?

— ಬಾಯಲ್ಲಿ ಯಾರೂ ಹೇಳಲಿಲ್ಲ, ಕಾಗದ ಹೇಳ್ತು. ಇಗೋ ನೋಡು. ಕೊಲೊನೋಸ್ಕೋಪಿಗೆ ಬರುವವರಿಗೆ ಸೂಚನೆಗಳು. ಹಿಂದಿನ ದಿನ ಗಂಜಿ ನೀರು, ಭೇದಿ ಪುಡಿ ಇಷ್ಟು ಲೀಟರ್ ನೀರಿಗೆ ಕಲಸಿ ಅಂತೆಲ್ಲ ಇದೆ. ಅದರ ಕೆಳಗೆ: ರಕ್ತ ತೆಳುವಾಗಿಸುವ ಔಷಧಿಗಳನ್ನು ಒಂದು ವಾರ ಮೊದಲೇ ನಿಲ್ಲಿಸತಕ್ಕದ್ದು. ಹೋದ ಸಲ ಎರಡು ಪಾಲಿಪ್ ಸಿಕ್ಕಿದ್ವಲ್ಲ, ಅದಕ್ಕೇ ಮೂರು ವರ್ಷಕ್ಕೆ ಮತ್ತೆ ನೋಡಬೇಕಂತೆ.

— ಈ ಕಾಗದ ಬಂದವರಿಗೆಲ್ಲ ಒಂದೇ ಅಚ್ಚು ಮೇಷ್ಟ್ರೇ. ನಿಮ್ಮ ಎದೆಯಲ್ಲಿ ಹೊಸ ಸ್ಟೆಂಟ್ ಇರೋದು ಡೇಟ್ ಕೊಟ್ಟವರಿಗೆ ಗೊತ್ತಿದೆಯಾ?

— ಹ್ಯಾಗೆ ಗೊತ್ತಿರುತ್ತೆ? ಅಲ್ಲಿ ನನ್ನ ಫೈಲು ಆರು ವರ್ಷದ್ದು, ಕರುಳಿನ ಕ್ಯಾನ್ಸರ್ ಆದಾಗಿನದು. ಸ್ಟೆಂಟ್ ಹಾಕಿಸಿಕೊಂಡಿದ್ದು ಬೇರೆ ಆಸ್ಪತ್ರೆ, ಬೇರೆ ಫೈಲು.

— ಹಾಗಾದ್ರೆ ಇವತ್ತು ಈ ಸ್ಟ್ರಿಪ್ ಒಯ್ಯಲೇಬೇಕು. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ರೆ ಸಾಮಾನ್ಯವಾಗಿ ಒಂದು ವರ್ಷ ಆಸ್ಪಿರಿನ್ನೂ ಇದೂ ಎರಡೂ ಜೊತೆಗೆ ಕೊಡ್ತಾರೆ. ಸ್ಟೆಂಟು ಲೋಹದ ಬಲೆ. ಅದರ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಚೋ ತನಕ ರಕ್ತಕ್ಕೆ ಅದು ಹೊರಗಿನ ವಸ್ತುವೇ. ನಡುವೆ ನಿಲ್ಲಿಸಿದ್ರೆ ಅಲ್ಲೇ ಹೆಪ್ಪುಗಟ್ಟಬಹುದು, ಹಾಗೆ ಗಟ್ಟಿದ್ರೆ ಸಾಮಾನ್ಯದ ಮಾತಲ್ಲ. ಬರೀ ನೋಡೋದಕ್ಕೆ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋದಕ್ಕೆ ಈ ಮಾತ್ರೆ ನಿಲ್ಲಿಸಲೇಬೇಕು ಅಂತಿಲ್ಲ. ಪಾಲಿಪ್ ಕತ್ತರಿಸೋದಾದ್ರೆ ರಕ್ತಸ್ರಾವದ ಭಯ ಇರುತ್ತೆ. ನಿಲ್ಲಿಸಬೇಕೋ, ಪರೀಕ್ಷೆಯನ್ನೇ ಕೆಲವು ತಿಂಗಳು ಮುಂದಕ್ಕೆ ಹಾಕಬೇಕೋ ಅಂತ ಹಾರ್ಟ್ ಡಾಕ್ಟರು, ಕೊಲೊನೋಸ್ಕೋಪಿ ಮಾಡೋ ಡಾಕ್ಟರು ಇಬ್ಬರೂ ಮಾತಾಡಿಕೊಂಡು ಹೇಳಬೇಕು. ನಾನೂ ಹೇಳಬಾರದು, ಈ ಕಾಗದವೂ ಹೇಳಬಾರದು.

— ಇಬ್ಬರೂ ಮಾತಾಡಿಕೊಳ್ಳಬೇಕು ಅಂತೀಯಲ್ಲ, ಅದೇ ಕಷ್ಟ. ಬೆಂಗಳೂರಲ್ಲಿ ನೋಡು, ಕ್ಯಾನ್ಸರಿಗೆ ಕಿದ್ವಾಯಿ, ಹೃದಯಕ್ಕೆ ಜಯದೇವ. ಡೈರಿ ಸರ್ಕಲ್ಲಿನ ಈ ಕಡೆ ಒಂದು, ಆ ಕಡೆ ಒಂದು. ಆಟೋದವನು ಮೀಟರ್ ಹಾಕಿದ್ರೆ ಹೆಚ್ಚೇನೂ ಆಗಲ್ಲ. ನಾನು ತೋರಿಸೋದು ಅವೆರಡರಲ್ಲೂ ಅಲ್ಲ, ಉದಾಹರಣೆಗೆ ಹೇಳಿದೆ. ಕರುಳು ಒಂದು ಕಟ್ಟಡಕ್ಕೆ, ಹೃದಯ ಇನ್ನೊಂದು ಕಟ್ಟಡಕ್ಕೆ ಅಂತ ನಾವು ಹಂಚಿಬಿಟ್ಟಿದ್ದೀವಿ. ರೋಗಿ ಮಾತ್ರ ಒಬ್ಬನೇ, ಎರಡು ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಓಡಾಡ್ತಾನೆ.

— ಆ ಎರಡು ಕವರಿನ ಚೀಟಿಗಳು ಒಟ್ಟಿಗೆ ಬೀಳೋದು ನಮ್ಮಂಥವರ ಕೌಂಟರ್ ಮೇಲೆ ಮಾತ್ರ.

— ಅದಕ್ಕೇ ನಿನ್ನ ಹತ್ರ ಬಂದು ಕೂರೋದು. ಇನ್ನೊಂದು ಕೇಳ್ತೀನಿ. ಐದು ವರ್ಷ ತುಂಬಿದಾಗ ಕ್ಯಾನ್ಸರ್ ಡಾಕ್ಟರು ಕೈ ಕುಲುಕಿ, ಇನ್ನು ನೀವು ನಮ್ಮ ಪೇಷಂಟ್ ಅಲ್ಲ, ಆರಾಮಾಗಿರಿ ಅಂದ್ರು. ರಕ್ತದಲ್ಲಿ ಕ್ಯಾನ್ಸರಿನ ಸುಳಿವು ನೋಡೋ ಸಿಇಎ ನಾರ್ಮಲ್, ಸ್ಕ್ಯಾನ್ ನಾರ್ಮಲ್. ನಾನು ಬೀದಿಗೆಲ್ಲ ಮೈಸೂರುಪಾಕು ಹಂಚಿದೆ. ಆಮೇಲೆ ವರ್ಷ ತುಂಬೋದ್ರೊಳಗೆ ಎದೆ ಹಿಡೀತು. ಕ್ಯಾನ್ಸರಿಗೂ ಇದಕ್ಕೂ ಸಂಬಂಧ ಇದೆಯೋ, ಇಲ್ಲ ನನ್ನ ಗ್ರಹಚಾರವೋ?

— ನಿಮ್ಮೊಬ್ಬರ ಮಟ್ಟಿಗೆ ಇದರಿಂದಲೇ ಆಯ್ತು ಅಂತ ಯಾರೂ ಬೊಟ್ಟು ಮಾಡಿ ಹೇಳಕ್ಕಾಗಲ್ಲ. ಸಾವಿರಾರು ಜನರನ್ನ ಒಟ್ಟಿಗೆ ನೋಡಿದ್ರೆ ಸಂಬಂಧ ಕಾಣುತ್ತೆ. ಅಮೆರಿಕದಲ್ಲಿ ಮೆಡಿಕೇರ್ ಅಂತ 65 ದಾಟಿದವರಿಗೆ ಸರ್ಕಾರದ ವಿಮೆ ಇದೆ. ಅದರ ದಾಖಲೆಗಳಲ್ಲಿ ಕರುಳಿನ ಕ್ಯಾನ್ಸರ್ ಆದ 72 ಸಾವಿರಕ್ಕೂ ಹೆಚ್ಚು ಜನರನ್ನ, ಕ್ಯಾನ್ಸರ್ ಇಲ್ಲದ ಅಷ್ಟೇ ಜನರ ಜೊತೆ ಹೋಲಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಹತ್ತು ವರ್ಷದಲ್ಲಿ ಹೊಸದಾಗಿ ಹೃದಯ, ರಕ್ತನಾಳದ ಕಾಯಿಲೆ ಬಂದದ್ದು ಕ್ಯಾನ್ಸರ್ ಆದವರಲ್ಲಿ ನೂರಕ್ಕೆ 57 ಜನಕ್ಕೆ, ಇಲ್ಲದವರಲ್ಲಿ 22 ಜನಕ್ಕೆ. ಹಾರ್ಟ್ ಫೇಲ್ಯೂರ್, ಅಂದ್ರೆ ಹೃದಯದ ಪಂಪು ಸೋಲೋದು, ನೂರಕ್ಕೆ 54 ಮತ್ತು 18.

— ತಡಿಯಮ್ಮ. ಲೆಕ್ಕದ ಮೇಷ್ಟ್ರಿಗೆ ಶೇಕಡಾವಾರು ಹೇಳಿ ಹೆದರಿಸಬೇಡ. ಒಂದನೇದು, ಅವರೆಲ್ಲ 65ರ ಮೇಲಿನವರು, ಎಷ್ಟೋ ಜನ ಎಪ್ಪತ್ತು ದಾಟಿರ್ತಾರೆ. ನಲವತ್ತೈದಕ್ಕೆ ಕ್ಯಾನ್ಸರ್ ಬಂದವನಿಗೆ ಈ ಸಂಖ್ಯೆ ಅಂಟಿಸೋ ಹಾಗಿಲ್ಲ. ಎರಡನೇದು, ಕ್ಯಾನ್ಸರ್ ಆದವನು ಆಸ್ಪತ್ರೆಗೆ ಮೇಲಿಂದ ಮೇಲೆ ಹೋಗ್ತಾನೆ, ಇಸಿಜಿ, ಎಕೋ ಎಲ್ಲ ಆಗ್ತಿರುತ್ತೆ. ಹುಡುಕಿದ ಕಡೆ ರೋಗ ಹೆಚ್ಚು ಸಿಗುತ್ತೆ. ಮನೇಲೇ ಕೂತವನ ಹೃದಯ ಯಾರು ನೋಡಿದ್ರು?

— ನೀವು ಹೇಳೋದು ಸರಿ. ಆದ್ರೂ 57ಕ್ಕೂ 22ಕ್ಕೂ ಇರೋ ಅಂತರ ಅಷ್ಟನ್ನೂ ಹುಡುಕಾಟದ ಲೆಕ್ಕಕ್ಕೆ ಹಾಕಕ್ಕಾಗಲ್ಲ ಅಲ್ವಾ? ಕೀಮೋ ತಗೊಂಡವರಲ್ಲಿ ಬಿಪಿ, ಶುಗರ್ ಇದ್ದೋರಿಗೆ ಅಪಾಯ ಇನ್ನೂ ಹೆಚ್ಚು ಅಂತಲೂ ಅದರಲ್ಲಿ ಕಂಡಿತ್ತು. ಮೊದಲೇ ಇದ್ದದ್ದೂ ಚಿಕಿತ್ಸೆಯಿಂದ ಬಂದದ್ದೂ ಒಂದಕ್ಕೊಂದು ಕೂಡಿಕೊಳ್ಳುತ್ತೆ.

— ಕೂಡೋದೋ, ಗುಣಿಸೋದೋ?

— ಅದು ನೀವೇ ಹೇಳಬೇಕು ಮೇಷ್ಟ್ರೇ. ಮೂಲವೂ ಒಂದೇ ಕಡೆ ಇದೆ ನೋಡಿ. ಸಿಗರೇಟು, ಹೆಂಡ, ಹೊಟ್ಟೆಯ ಬೊಜ್ಜು, ಶುಗರ್, ದಿನವಿಡೀ ಕೂತೇ ಇರೋದು. ಕರುಳಿಗೆ ಯಾವುದು ಕೆಟ್ಟದ್ದೋ ಹೃದಯದ ನಾಳಕ್ಕೂ ಅದೇ ಕೆಟ್ಟದ್ದು. ಕರುಳಿನ ಕ್ಯಾನ್ಸರ್ ನಮ್ಮಲ್ಲಿ ಪಶ್ಚಿಮದವರಷ್ಟಿಲ್ಲ, ಹೆಚ್ಚುತ್ತಾ ಇದೆ ಅಷ್ಟೇ. ಹೃದಯದ ಕಾಯಿಲೆ ಮಾತ್ರ ನಮ್ಮವರಿಗೆ ಅವರಿಗಿಂತ ಬೇಗ, ಚಿಕ್ಕ ವಯಸ್ಸಿಗೇ ಬರುತ್ತೆ. ಹಾಗಾಗಿ ಇಲ್ಲಿ ಕ್ಯಾನ್ಸರ್ ದಾಟಿದವರ ಎದೆ ಮೇಲೆ ಕಣ್ಣಿಡೋದು ಅಲ್ಲಿಗಿಂತ ಹೆಚ್ಚು ಅಗತ್ಯ ಅಂತ ನನ್ನ ಅಭಿಪ್ರಾಯ.

— ಸಿಗರೇಟು ಬಿಟ್ಟು ಬಹಳ ವರ್ಷ ಆಯ್ತಮ್ಮ. ಸ್ಟಾಫ್ ರೂಮಿನ ಕಾಲದ ಮಾತು. ಈ ಕರೆಂಟ್, ಅಂದ್ರೆ ರೇಡಿಯೇಶನ್, ಕೊಟ್ರಲ್ಲ, ಅದರಿಂದ ಏನಾದ್ರೂ?

— ನಿಮಗೆ ಕರೆಂಟ್ ಕೊಟ್ಟದ್ದು ಗುದನಾಳಕ್ಕೆ, ಹೊಟ್ಟೆಯ ಕೆಳಭಾಗಕ್ಕೆ. ಎದೆಗೆ ಬೀಳೋದು ಸ್ತನದ ಕ್ಯಾನ್ಸರಿನವರಿಗೆ. ಆದ್ರೆ ಕಾಲಿಗೆ ರಕ್ತ ಒಯ್ಯೋ ದೊಡ್ಡ ನಾಳಗಳು ಅದೇ ದಾರೀಲಿವೆ. ವರ್ಷಗಳ ಮೇಲೆ ಅವು ಕಿರಿದಾಗಬಹುದು. ನಡೆದಾಗ ಮೀನಖಂಡ ಹಿಡಿದು, ನಿಂತ ತಕ್ಷಣ ಬಿಟ್ರೆ ಹೇಳಿ. ನಿಮ್ಮ ವಿಷಯದಲ್ಲಿ ನಾನು ಕೇಳಬೇಕು ಅಂತಿದ್ದದ್ದು ಬೇರೆ. ಕೀಮೋಗೆ ಮಾತ್ರೆ ಕೊಟ್ಟಿದ್ರಲ್ಲ, ಕ್ಯಾಪೆಸಿಟಬೀನ್, ಬೆಳಿಗ್ಗೆ ಸಂಜೆ ತಗೊಳ್ಳೋದು, ಆವಾಗ ಎದೆನೋವು ಬಂದಿತ್ತಾ?

— ಬಂದಿತ್ತು! ನಿನಗೆ ಯಾರು ಹೇಳಿದ್ರು? ಮೊದಲನೇ ಸೈಕಲ್ಲು, ಮಾತ್ರೆ ಶುರುವಾಗಿ ಎರಡು ಮೂರು ದಿನ ಆಗಿತ್ತೇನೋ. ಬೆಳಗಿನ ಜಾವ ಎದೆ ನಡುವೆ ಯಾರೋ ಮಂಡಿ ಊರಿದ ಹಾಗೆ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ನೋವು ಇಳಿದಿತ್ತು, ಇಸಿಜಿನೂ ಸರಿಯಾಗೇ ಬಂತು. ಡ್ಯೂಟೀಲಿದ್ದ ಹುಡುಗ ಡಾಕ್ಟರು ಗ್ಯಾಸ್ಟ್ರಿಕ್ ಅಂತ ಬರೆದ್ರು. ಆಮೇಲೆ ದೊಡ್ಡ ಡಾಕ್ಟರು ಯಾಕೋ ಡೋಸ್ ಇಳಿಸಿದ್ರು, ಮತ್ತೆ ಅಷ್ಟು ಬರಲಿಲ್ಲ.

— ನಮ್ಮ ಊರುಗಳಲ್ಲಿ ಎದೆಯಿಂದ ಹೊಕ್ಕಳ ತನಕ ಏನಾದ್ರೂ ಅದು ಗ್ಯಾಸ್ಟ್ರಿಕ್ಕೇ. ಗ್ಯಾಸ್ಟ್ರಿಕ್ ಮಾತ್ರೆಯಷ್ಟು ನನ್ನ ಅಂಗಡಿಯಲ್ಲಿ ಇನ್ನೇನೂ ಖರ್ಚಾಗಲ್ಲ. ಆ ಕೀಮೋ ಮಾತ್ರೆ ಹೊಟ್ಟೆಗೆ ಹೋದ ಮೇಲೆ ಮೈಯೊಳಗೆ 5-ಎಫ್‌ಯು ಆಗಿ ಬದಲಾಗುತ್ತೆ. ಹಳೇ ಔಷಧಿ ಅದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಚಾರ್ಲ್ಸ್ ಹೈಡಲ್‌ಬರ್ಗರ್ ಅನ್ನೋರು 1957ರಲ್ಲಿ ತಂದದ್ದು. ಇವತ್ತಿಗೂ ಕರುಳಿನ ಕ್ಯಾನ್ಸರಿಗೆ ಅದೇ ಬೆನ್ನೆಲುಬು. ಕೆಲವರಲ್ಲಿ ಅದು ಹೃದಯದ ನಾಳವನ್ನ ಹಿಂಡಿಬಿಡುತ್ತೆ. ನಿಮ್ಮ ತೋಟದ ಡ್ರಿಪ್ ಪೈಪಿನ ತೂತಿಗೆ ಕಸ ಕಟ್ಟಿ ನೀರು ನಿಲ್ಲೋದು ಬೇರೆ, ಯಾರೋ ಪೈಪಿನ ಮೇಲೆ ಕಾಲಿಟ್ಟು ನಿಲ್ಲೋದು ಬೇರೆ, ಅಲ್ವಾ? ಇದು ಎರಡನೇ ಥರದ್ದು. ಕಾಲು ತೆಗೆದ ಮೇಲೆ ಬಂದು ನೋಡಿದ್ರೆ ಪೈಪು ಸರಿಯಾಗೇ ಇರುತ್ತೆ.

— ಅದಕ್ಕೇ ಇಸಿಜಿ ನಾರ್ಮಲ್ಲು.

— ಇರಬಹುದು ಅಂತೀನಿ, ಇತ್ತು ಅನ್ನಲ್ಲ. ಇಷ್ಟು ವರ್ಷದ ಮೇಲೆ ಯಾರೂ ಖಚಿತವಾಗಿ ಹೇಳಕ್ಕಾಗಲ್ಲ. ಮೊದಲ ಸೈಕಲ್ಲಿನ ಮೊದಲ ದಿನಗಳಲ್ಲೇ ಬರೋದು ಅದರ ಲಕ್ಷಣ, ಡೋಸ್ ಇಳಿಸಿದವರಿಗೂ ಅದೇ ಅನುಮಾನ ಬಂದಿರಬೇಕು. ನಿಮ್ಮ ಹಾರ್ಟ್ ಡಾಕ್ಟರಿಗೆ ಇದು ಗೊತ್ತಾಗಬೇಕು. ಯಾಕಂದ್ರೆ, ಹಾಗಾಗದಿರಲಿ, ಮುಂದೆ ಯಾವತ್ತಾದ್ರೂ ಮತ್ತೆ ಕೀಮೋ ಬೇಕಾದ್ರೆ, ಅದೇ ಔಷಧಿ ಕೊಟ್ಟಾಗ ಮತ್ತೆ ಹಾಗೇ ಆಗೋ ಸಂಭವ ಇದೆ, ಈಗ ನಿಮ್ಮ ನಾಳದಲ್ಲಿ ಕೊಬ್ಬೂ ಕಟ್ಟಿದೆ. ಇನ್ನೊಂದು, ಡಿಪಿಡಿ ಅಂತ ಒಂದು ಕಿಣ್ವ ಇದೆ. ಪಿತ್ತಜನಕಾಂಗ ಈ ಔಷಧಿಯನ್ನ ಒಡೆದು ಹಾಕೋದು ಅದರ ಬಲದಿಂದಲೇ. ಕೆಲವರಿಗೆ ಹುಟ್ಟಿನಿಂದ ಅದು ಕಮ್ಮಿ ಇರುತ್ತೆ. ಅಂಥವರಿಗೆ ಮಾಮೂಲಿ ಡೋಸೇ ವಿಷ. ಅದಕ್ಕೇ ಯುರೋಪಿನ ಔಷಧ ನಿಯಂತ್ರಕರು 2020ರಲ್ಲಿ, ಶುರು ಮಾಡೋ ಮುಂಚೆ ಪರೀಕ್ಷೆ ಮಾಡಿ ಅಂತ ಸಲಹೆ ಕೊಟ್ಟರು.

— ಈ ವರ್ಷ ಎದೆ ಹಿಡಿದಾಗಲೂ ನಾನು ನಿನ್ನ ಹತ್ರ ಗ್ಯಾಸ್ಟ್ರಿಕ್ ಮಾತ್ರೆ ಕೇಳ್ಕೊಂಡೇ ಬಂದಿದ್ದಲ್ವಾ.

— ಹೂಂ. ಹಣೆ ಮೇಲೆ ಬೆವರು, ಎಡಗೈ ಉಜ್ಜಿಕೊಳ್ತಿದ್ರಿ. ಮಾತ್ರೆ ಕೊಡಲ್ಲ, ಮೊದಲು ಇಸಿಜಿ ಮಾಡಿಸಿ ಅಂತ ನಮ್ಮ ಹುಡುಗನ ಸ್ಕೂಟರಿನಲ್ಲಿ ಕೂರಿಸಿದೆ. ದಾರೀಲಿ ಅವನ ಹತ್ರ ಏನಂದ್ರಿ ಗೊತ್ತಾ? ಲಿವರಿಗೆ ಹರಡಿರಬೇಕು ಕಣೋ ಅಂದ್ರಂತೆ.

— ಬೇರೆ ಏನೂ ತೋಚಲ್ಲಮ್ಮ. ಒಂದು ಸಲ ಆ ಹೆಸರು ಫೈಲಿನ ಮೇಲೆ ಬಂದ್ರೆ ಆಮೇಲೆ ಮೈಯಲ್ಲಿ ಎಲ್ಲಿ ಏನಾದ್ರೂ ಅದೇ ತಿರುಗಿ ಬಂತು ಅನ್ಸುತ್ತೆ. ಸೊಂಟ ನೋವು ಮೂಳೆಗೆ ಹೋಯ್ತು ಅಂತ, ತಲೆನೋವು ಮಿದುಳಿಗೆ ಹೋಯ್ತು ಅಂತ. ಹೃದಯದ ಯೋಚನೆ ಬರೋದು ಎಲ್ಲಕ್ಕಿಂತ ಕೊನೆಗೆ.

— ಉಲ್ಟಾ ಆಗೋದೂ ಇದೆ. ಹಾರ್ಟಿಗೆ ಅಂತ ರಕ್ತ ತೆಳುವಾಗೋ ಮಾತ್ರೆ ಕೊಟ್ಟಾಗ ಕೆಲವರಿಗೆ ಮಲದಲ್ಲಿ ರಕ್ತ ಬೀಳುತ್ತೆ, ಮಾತ್ರೆಯಿಂದ ಅಂತ ಸುಮ್ಮನಾಗ್ತಾರೆ. ಕರುಳಲ್ಲಿ ಸದ್ದಿಲ್ಲದೆ ಕೂತಿದ್ದ ಗಡ್ಡೆ ಆ ಮಾತ್ರೆಯಿಂದ ಬಯಲಿಗೆ ಬಿದ್ದಿರುತ್ತೆ. ಹೃದಯದ ಕವಾಟಕ್ಕೆ ಸೋಂಕು ತಗುಲಿ, ರಕ್ತ ಪರೀಕ್ಷೇಲಿ ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್ ಅನ್ನೋ ಒಂದು ಬ್ಯಾಕ್ಟೀರಿಯಾ ಸಿಕ್ಕಿದ್ರೆ ಡಾಕ್ಟರುಗಳು ಕರುಳಿಗೂ ಕ್ಯಾಮೆರಾ ಹಾಕಿ ನೋಡ್ತಾರೆ. ಅದಿದ್ದ ಕಡೆ ಕರುಳಲ್ಲಿ ಗಡ್ಡೆ ಸಿಗೋದು ಹೆಚ್ಚು. ತಡೀರಿ, ಆ ಹುಡುಗನಿಗೆ ಓಆರ್‌ಎಸ್ ಕೊಟ್ಟು ಬರ್ತೀನಿ.

— ಆ ಪ್ಯಾಕೆಟ್ ನೋಡಿದ್ರೆ ಬ್ಯಾಗಿನ ದಿನ ನೆನಪಾಗುತ್ತೆ. ಆಪರೇಶನ್ ಆದ ಮೇಲೆ ಜೋಡಿಸಿದ ಜಾಗ ಮಾಗಲಿ ಅಂತ ಸಣ್ಣ ಕರುಳನ್ನ ಹೊಟ್ಟೆ ಮೇಲೆ ತಂದು ಬ್ಯಾಗ್ ಹಾಕಿದ್ರಲ್ಲ, ಅದು ತೆಗೆಯೋ ತನಕ ನನ್ನ ಪಾಡು ದೇವರಿಗೇ ಪ್ರೀತಿ. ಬಿಪಿ ಡಾಕ್ಟರು ಉಪ್ಪು ಮುಟ್ಟಬೇಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಂದ್ ಅಂದ್ರು. ಬ್ಯಾಗಿನ ನರ್ಸಮ್ಮ, ಸಾರ್ ಉಪ್ಪು ಜಾಸ್ತಿ ಹಾಕ್ಕೊಳ್ಳಿ, ಮಜ್ಜಿಗೆಗೂ ಹಾಕ್ಕೊಳ್ಳಿ ಅಂದ್ರು. ನಮ್ಮ ಮನೆಯವಳು ಉಪ್ಪಿನ ಭರಣಿ ಕೈಲಿ ಹಿಡ್ಕೊಂಡು, ಯಾರ ಮಾತು ಕೇಳಲಿ ಅಂತ ನಿಂತಿದ್ಲು.

— ನರ್ಸಮ್ಮ ಹೇಳಿದ್ದು ಆ ಹೊತ್ತಿಗೆ ಸರಿ. ಉಪ್ಪನ್ನೂ ನೀರನ್ನೂ ಹೀರಿಕೊಳ್ಳೋ ಕೆಲಸದಲ್ಲಿ ದೊಡ್ಡ ಕರುಳಿಗೂ ಪಾಲಿದೆ. ಅದನ್ನ ಬದಿಗಿಟ್ಟು ಸಣ್ಣ ಕರುಳಿನಿಂದಲೇ ಹೊರಗೆ ಬಿಟ್ರೆ ಬಹಳಷ್ಟು ಉಪ್ಪು ಬ್ಯಾಗಿಗೆ ಹೋಗುತ್ತೆ. ಬಾಯಾರಿಕೆ ಅಂತ ಬರೀ ನೀರು ಕುಡಿದ್ರೆ ಅದು ಇನ್ನಷ್ಟು ಉಪ್ಪನ್ನ ಎಳೆದುಕೊಂಡು ಹೊರಗೆ ಬರುತ್ತೆ. ಕುಡಿದಷ್ಟೂ ಬಾಯಾರಿಕೆ. ಅದರ ಜೊತೆ ನಿಮಗೆ ಮೊದಲಿನಿಂದ ಇದ್ದ ಬಿಪಿ ಮಾತ್ರೇಲಿ ಮೂತ್ರ ಹೆಚ್ಚಿಸೋದೂ ಸೇರಿತ್ತು. ಎರಡು ಕಡೆಯಿಂದ ನೀರು ಖಾಲಿ.

— ಅದಕ್ಕೇ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದದ್ದು. ಕ್ರಿಯಾಟಿನಿನ್ ಏರಿದೆ, ಕಿಡ್ನಿಗೆ ಪೆಟ್ಟು ಅಂತ ಮತ್ತೆ ಅಡ್ಮಿಟ್ ಮಾಡಿಕೊಂಡ್ರು. ಬಿಪಿ ಮಾತ್ರೆ ಅರ್ಧ ಕಮ್ಮಿ ಮಾಡಿದ್ರು. ಬ್ಯಾಗು ತೆಗೆದ ಮೇಲೆ ಅದನ್ನ ಮತ್ತೆ ಹೆಚ್ಚಿಸಬೇಕು ಅನ್ನೋದು ಯಾರಿಗೂ ನೆನಪಿಲ್ಲ. ಒಂದು ವರ್ಷ ಹಾಗೇ ನಡೀತು. ನೀನು ಇಲ್ಲಿ ಪಟ್ಟಿ ಕಟ್ಟಿ ನೋಡಿದಾಗ 170 ಇತ್ತಲ್ಲ.

— ಇನ್ನೊಂದು ದಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಏನೋ ತಂದು ಇದೇ ಕೌಂಟರ್ ಮೇಲೆ ಇಟ್ಟಿದ್ರಿ.

— ಶುಗರ್ ಮಾತ್ರೆ! ತೊಳೆದೇ ತಂದಿದ್ದೆ ಕಣಮ್ಮ. ನುಂಗಿದ ಮಾತ್ರೆ ಇಡಿಯಾಗಿ ಬ್ಯಾಗಿಗೆ ಬಂದಿದೆ, ನೀನು ಡುಪ್ಲಿಕೇಟ್ ಮಾಲು ಮಾರ್ತೀಯಾ ಅಂತ ಜಗಳಕ್ಕೆ ಬಂದಿದ್ದು.

— ಅದರ ಹೆಸರಿನ ಕೊನೆಯಲ್ಲಿ ಎಸ್‌ಆರ್ ಅಂತಿತ್ತು. ಎಸ್‌ಆರ್, ಎಕ್ಸ್‌ಎಲ್, ಇಆರ್ ಅಂತಿರೋವೆಲ್ಲ ನಿಧಾನಕ್ಕೆ ಕರಗೋ ಮಾತ್ರೆಗಳು, ಹೃದಯದವೂ ಹಾಗೆ ಬಹಳ ಇವೆ. ಕೆಲವದರ ಔಷಧಿ ಮೈಗೆ ಸೇರಿ ಬರೀ ತೊಗಟೆ ಹೊರಗೆ ಬರುತ್ತೆ, ಅದಕ್ಕೆ ಗಾಬರಿ ಬೇಡ. ಆದ್ರೆ ಸಣ್ಣ ಕರುಳಿನ ಬ್ಯಾಗ್ ಇದ್ದೋರಿಗೆ ಮಾತ್ರೆ ಕರಗೋದಕ್ಕೆ ಬೇಕಾದಷ್ಟು ದಾರಿಯೇ ಒಳಗೆ ಉಳಿದಿರಲ್ಲ. ಔಷಧಿಯೂ ಪೂರ್ತಿ ಸೇರದೆ ಹೊರಗೆ ಬಂದುಬಿಡಬಹುದು. ಅಂಥವರಿಗೆ ಬೇಗ ಕರಗೋ ಮಾತ್ರೆಗೆ ಬದಲಾಯಿಸಿಕೊಡಿ ಅಂತ ಡಾಕ್ಟರನ್ನ ಕೇಳಬೇಕು. ನೀವು ಜಗಳಕ್ಕೆ ಬಂದದ್ದಕ್ಕೆ ತಿಳೀತು, ನಾಚಿಕೆಪಟ್ಟು ಯಾರಿಗೂ ತೋರಿಸದೆ ಇರೋರೇ ಹೆಚ್ಚು.

— ಬ್ಯಾಗ್ ತೆಗೆದ್ರೆ ಎಲ್ಲ ಸರಿಯಾಗುತ್ತೆ ಅಂದ್ಕೊಂಡಿದ್ದೆ. ಹಾರ್ಟ್ ಡಾಕ್ಟರು ಚೀಟಿ ಕೊನೇಲಿ ಬರೀತಾರೆ, ವಾಕಿಂಗ್ ಅಂತ. ಕ್ಯಾನ್ಸರ್ ಡಾಕ್ಟರೂ ಬರೀತಾರೆ, ವಾಕಿಂಗ್ ಅಂತ. ಇಬ್ಬರಿಗೂ ಒಮ್ಮತ ಇರೋದು ಇದೊಂದರಲ್ಲೇ. ಈ ಗುದನಾಳ ಕತ್ತರಿಸಿ ಜೋಡಿಸಿದವನ ಕಷ್ಟ ಅವರಿಗೆ ಹ್ಯಾಗೆ ಹೇಳೋದು? ಬೆಳಿಗ್ಗೆ ಎದ್ದ ಮೇಲೆ ನಾಲ್ಕೈದು ಸಲ ಹೋಗಬೇಕು. ಮುಗೀತು ಅಂತ ಪಂಚೆ ಸರಿಮಾಡ್ಕೊಂಡು ಹೊಸಲು ದಾಟಿದ್ರೆ ಮತ್ತೆ. ಬಂತು ಅಂದ್ರೆ ತಡೆಯೋ ಹಾಗಿಲ್ಲ. ಕೆರೆ ಏರಿ ಮೇಲೆ ವಾಕಿಂಗಿಗೆ ಅಂತ ಹೋಗಿ, ಅರ್ಧ ದಾರೀಲಿ... ಬಿಡು. ಈ ವಯಸ್ಸಲ್ಲಿ, ಊರಿಗೆಲ್ಲ ಪಾಠ ಹೇಳಿದವನು. ಬೆಂಗಳೂರಿಗೂ ಬಸ್ಸಲ್ಲಿ ಹೋಗಲ್ಲ ನಾನು, ರೈಲೇ. ಅದರಲ್ಲಿ ಕಕ್ಕಸು ಇರುತ್ತೆ.

— ಆ ಆಪರೇಶನ್ ಆದ ಬಹಳ ಜನಕ್ಕೆ ಹಾಗಾಗುತ್ತೆ ಮೇಷ್ಟ್ರೇ. ಮಲ ಹಿಡಿದಿಡೋ ಚೀಲದಂಥ ಭಾಗವನ್ನೇ ತೆಗೆದಿರ್ತಾರೆ. ಕರೆಂಟ್ ಕೊಟ್ಟಿದ್ರೆ ಇನ್ನೂ ಜಾಸ್ತಿ. ಡಾಕ್ಟರುಗಳು ಅದಕ್ಕೊಂದು ಸಿಂಡ್ರೋಮ್ ಅಂತ ಹೆಸರೂ ಇಟ್ಟಿದ್ದಾರೆ. ಆದ್ರೆ ಹಾರ್ಟ್ ಡಾಕ್ಟರು ಇವರು ಸೋಮಾರಿ, ನಡೆಯಲ್ಲ ಅಂತ ಬರ್ಕೋತಾರೆ. ನಡೆಯದ ಕಾರಣ ಎದೆಯಲ್ಲಿಲ್ಲ, ಕೆಳಗಿದೆ ಅಂತ ಅವರಿಗೆ ಯಾರು ಹೇಳಬೇಕು?

— ಕಾಲಿನದು ಬೇರೆ ಕಥೆ. ಡ್ರಿಪ್ಪಿನಲ್ಲಿ ಕೊಟ್ಟ ಇನ್ನೊಂದು ಕೀಮೋ...

— ಆಕ್ಸಾಲಿಪ್ಲಾಟಿನ್.

— ಅದೇ. ಆಗ ತಣ್ಣೀರು ಮುಟ್ಟಿದ್ರೆ ಬೆರಳಿಗೆ ಮುಳ್ಳು ಚುಚ್ಚಿದ ಹಾಗಾಗ್ತಿತ್ತು. ಕೈಯದ್ದು ಹೋಯ್ತು, ಅಂಗಾಲಿಂದು ಉಳೀತು. ಜೋಮು, ಹತ್ತಿಯ ಮೇಲೆ ನಡೆದ ಹಾಗೆ. ಮೊನ್ನೆ ಸಂತೇಲಿ ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದದ್ದೇ ಗೊತ್ತಾಗಿಲ್ಲ. ಸೊಪ್ಪಿನವಳು ಕೂಗಿ ಹೇಳಿದ್ಲು, ಅಜ್ಜಾ ನಿನ್ನ ಮೆಟ್ಟು ಅಂತ.

— ನಿಮಗೆ ಶುಗರ್ ಬೇರೆ ಇದೆ. ತೋಟದಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ರಾತ್ರಿ ಮಲಗೋ ಮುಂಚೆ ಅಂಗಾಲು ಬೆಳಕಿಗೆ ಹಿಡಿದು ನೋಡ್ಕೊಳ್ಳಿ, ನಿಮಗೆ ಬಗ್ಗಕ್ಕಾಗದಿದ್ರೆ ಮನೆಯವರ ಕೈಲಿ ನೋಡಿಸಿ. ಹಿಂದೆ ಪಟ್ಟಿ ಇರೋ ಚಪ್ಪಲಿ ತಗೊಳ್ಳಿ. ಅಷ್ಟಾದ್ರೂ ನಡಿಗೆ ಬಿಡಬೇಡಿ. 2025ರ ಜೂನಲ್ಲಿ ಚಾಲೆಂಜ್ ಅನ್ನೋ ಒಂದು ಪ್ರಯೋಗದ ಫಲಿತಾಂಶ ಬಂತು. ಹೆಚ್ಚಿನವರು ಕೆನಡಾ, ಆಸ್ಟ್ರೇಲಿಯಾದವರು. ಆಪರೇಶನ್ನು ಕೀಮೋ ಎಲ್ಲ ಮುಗಿಸಿದ 889 ಜನ, ಎಲ್ಲರಿಗೂ ದೊಡ್ಡ ಕರುಳಿನ ಕ್ಯಾನ್ಸರೇ. ಅರ್ಧ ಜನಕ್ಕೆ ವ್ಯಾಯಾಮ ಮಾಡಿ ಅಂತ ಪುಸ್ತಕ ಕೊಟ್ಟು ಕಳಿಸಿದ್ರು. ಉಳಿದ ಅರ್ಧಕ್ಕೆ ಮೂರು ವರ್ಷ ಹಿಂದೆ ಬಿದ್ದು ಮಾಡಿಸಿದ್ರು. ಎಂಟು ವರ್ಷಕ್ಕೆ ನೋಡಿದ್ರೆ ಪುಸ್ತಕದವರಲ್ಲಿ ನೂರಕ್ಕೆ 83 ಜನ ಬದುಕಿದ್ರು, ಮಾಡಿಸಿದವರಲ್ಲಿ 90. ಕ್ಯಾನ್ಸರ್ ಮರಳೋದೂ ಕಮ್ಮಿಯಾಗಿತ್ತು. ಎಷ್ಟೋ ಹೊಸ ಔಷಧಿಗಳು ಇಷ್ಟು ಮಾಡಲ್ಲ.

— ಅವರೆಲ್ಲ ಏನು ಓಡಿದ್ರೇನಮ್ಮ?

— ಇಲ್ಲ. ಇಷ್ಟವಾದದ್ದು ಮಾಡಬಹುದಿತ್ತು. ಚುರುಕಾಗಿ ಮುಕ್ಕಾಲು ಗಂಟೆ, ಒಂದು ಗಂಟೆ ನಡೆಯೋದನ್ನ ವಾರಕ್ಕೆ ಮೂರು ನಾಲ್ಕು ಸಲ ಹೆಚ್ಚಿಗೆ ಸೇರಿಸಿದ್ರೂ ಗುರಿ ಮುಟ್ಟುತ್ತೆ.

— ನೀನು ಒಂದು ಗಮನಿಸಲಿಲ್ಲ. ಎರಡು ಗುಂಪಿಗೂ ವ್ಯಾಯಾಮ ಒಳ್ಳೇದು ಅಂತ ಗೊತ್ತಿತ್ತು. ವ್ಯತ್ಯಾಸ ಬಂದದ್ದು ಹಿಂದೆ ಬಿದ್ದು ಮಾಡಿಸೋನು ಒಬ್ಬ ಇದ್ದದ್ದರಿಂದ. ನಂಗೂ ಅಂಥವನು ಒಬ್ಬ ಇದ್ದ. ಹೆಡ್‌ಮಾಸ್ಟರು, ನನ್ನ ಹಳೇ ಶಿಷ್ಯನೇ. ಕೆರೆ ಏರಿ ಬೇಡ ಸಾರ್, ಸ್ಕೂಲ್ ಮೈದಾನದಲ್ಲಿ ಸುತ್ತು ಹಾಕಿ ಅಂತ ಸ್ಟಾಫ್ ಟಾಯ್ಲೆಟ್ಟಿನ ಕೀ ಕೊಟ್ಟ. ಒಂದು ದಿನ ಹೋಗದಿದ್ರೆ ಫೋನ್ ಮಾಡ್ತಿದ್ದ. ಸಂಜೆ ಐದಕ್ಕೆ, ಊಟಕ್ಕೆ ಮುಂಚೆ, ಕರುಳು ಸುಮ್ಮನಿರೋ ಹೊತ್ತಲ್ಲಿ. ಹಾಗೆ ನಡೆದದ್ದೇ ನಾನು ನಡೆದದ್ದು. ಅವನಿಗೆ ವರ್ಗ ಆಯ್ತು, ಹೊಸಬರು ಕೀ ವಾಪಸ್ ಕೇಳಿದ್ರು. ಹಾರ್ಟ್ ಅಟ್ಯಾಕ್ ಆದದ್ದು ಅದರ ಮುಂದಿನ ಬೇಸಿಗೆ. ಅದಕ್ಕೇ ಆಯ್ತು ಅನ್ನಲ್ಲ, ಒಂದೇ ಬಿಂದು ಇಟ್ಕೊಂಡು ಗೆರೆ ಎಳೆಯೋದು ತಪ್ಪು. ಆದ್ರೆ ನಮ್ಮ ಊರುಗಳಲ್ಲಿ ವಾಕಿಂಗ್ ಅಂತ ಬರೆಯೋ ಡಾಕ್ಟರು ಅದರ ಜೊತೆ ಒಂದು ಟಾಯ್ಲೆಟ್ ಕೀಯನ್ನೂ ಬರೆದುಕೊಡಬೇಕು.

— ಮೈದಾನಕ್ಕೆ ಹೋಗಕ್ಕಾಗಲ್ಲ ಅಂತ ಈಗ ಭೇದಿ ತಡೆಯೋ ಲೊಪೆರಮೈಡ್ ತಗೊಂಡು ಓಡಾಡ್ತಿದ್ದೀರಾ? ಹೋದ ತಿಂಗಳು ಎರಡು ಸಲ ಸ್ಟ್ರಿಪ್ ಒಯ್ದಿದ್ರಿ.

— ಮದುವೆ ಸೀಸನ್ನು. ಮುಹೂರ್ತದ ಹೊತ್ತಿಗೆ ಎದ್ದು ಹೋಗೋದು ಚೆನ್ನಾಗಿರಲ್ಲ.

— ಚೀಟೀಲಿ ಬರೆದಷ್ಟು ತಗೊಳ್ಳಿ, ತೊಂದರೆ ಇಲ್ಲ. ಸಾಲದು ಅಂತ ಮೇಲಿಂದ ಮೇಲೆ ನುಂಗಬೇಡಿ. ಮಿತಿ ಮೀರಿದ್ರೆ ಅದು ಹೃದಯದ ಬಡಿತದ ತಾಳವನ್ನೇ ಕೆಡಿಸುತ್ತೆ ಅಂತ ಅಮೆರಿಕದ ಎಫ್‌ಡಿಎ 2016ರಲ್ಲಿ ಎಚ್ಚರಿಕೆ ಕೊಟ್ಟಿದೆ. ವಾಂತಿಗೆ ಕೊಡೋ ಆಂಡಾನ್ಸೆಟ್ರಾನ್, ಗಂಟಲು ನೋವಿಗೆ ಕೊಡೋ ಅಜಿಥ್ರೊಮೈಸಿನ್ ಕೂಡ ಆ ತಾಳದ ಮೇಲೆ ಕೈಯಾಡಿಸ್ತವೆ. ಭೇದಿಯಾಗಿ ಪೊಟ್ಯಾಶಿಯಂ ಇಳಿದಿರೋ ಹೊತ್ತಲ್ಲಿ ಮೂರೂ ಕೂಡಿದ್ರೆ ಗತಿ? ಇಸಬ್‌ಗೋಲ್ ಸ್ವಲ್ಪ ಸ್ವಲ್ಪ ರೂಢಿ ಮಾಡ್ಕೊಳ್ಳಿ, ಅದು ಗಟ್ಟಿ ಮಾಡುತ್ತೆ. ಮಾತ್ರೆ ನುಂಗೋ ಹೊತ್ತಿಗೆ ಬೇಡ, ಎರಡು ಗಂಟೆ ಬಿಟ್ಟು. ಗ್ಯಾಸ್ಟ್ರಿಕ್ಕಿಗೆ ಅಂತ ಬೇರೆ ಅಂಗಡೀಲಿ ಒಮೆಪ್ರಜೋಲ್ ತಗೊಳ್ಳಬೇಡಿ, ಅದು ಕ್ಲೊಪಿಡೊಗ್ರೆಲ್ ಕೆಲಸಕ್ಕೆ ಅಡ್ಡ ಬರುತ್ತೆ. ನಿಮಗೆ ಬರೆದಿರೋದು ಪ್ಯಾಂಟೊಪ್ರಜೋಲ್.

— ಆಸ್ಪಿರಿನ್ ಕ್ಯಾನ್ಸರಿಗೂ ಒಳ್ಳೇದು ಅಂತ ಪೇಪರಲ್ಲಿ ಬಂದಿತ್ತಲ್ಲ?

— ಸ್ವೀಡನ್ ಕಡೆಯವರು 2025ರಲ್ಲಿ ಪ್ರಕಟಿಸಿದ್ದು. ಗಡ್ಡೆಯಲ್ಲಿ ಪಿಐಕೆ3 ಅನ್ನೋ ಜೀನ್ ದಾರಿಯಲ್ಲಿ ಬದಲಾವಣೆ ಇದ್ದವರಿಗೆ ಮಾತ್ರ, ದಿನಕ್ಕೆ 160 ಮಿಲಿಗ್ರಾಂ, ಆಪರೇಶನ್ ಆದ ಮೇಲೆ ಮೂರು ವರ್ಷ. ಅವರಲ್ಲಿ ಕ್ಯಾನ್ಸರ್ ಮರಳೋದು ಸುಮಾರು ಅರ್ಧಕ್ಕೆ ಇಳೀತು. ನಿಮ್ಮದು ಸ್ಟೆಂಟಿಗೆ ಕೊಟ್ಟ 75. ಅದನ್ನ ಎರಡು ಮಾಡ್ಕೊಳ್ಳೋಣ ಅಂತ ನೋಡಬೇಡಿ, ಜೊತೇಲಿ ಕ್ಲೊಪಿಡೊಗ್ರೆಲ್ ಇದೆ, ಹೊಟ್ಟೇಲಿ ರಕ್ತ ಸುರಿದೀತು.

— ಇಷ್ಟೆಲ್ಲ ನೀನು ಹೇಳ್ತೀಯ. ನೀನಿಲ್ಲದ ಊರಲ್ಲಿರೋನು ಏನು ಮಾಡ್ತಾನೆ?

— ಆದ ಕಾಯಿಲೆ, ಚಿಕಿತ್ಸೆ ಎಲ್ಲ ಬರೆದ ಒಂದು ಹಾಳೆ ಮಾಡಿಸ್ಕೋಬೇಕು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ನಿನವರು 2005ರಲ್ಲೇ ವರದಿ ಬರೆದು, ಕ್ಯಾನ್ಸರ್ ಚಿಕಿತ್ಸೆ ಮುಗಿದ ಪ್ರತಿಯೊಬ್ಬರ ಕೈಗೂ ಇಂಥದ್ದೊಂದು ಕೊಡಿ ಅಂದಿದ್ರು. ಯುರೋಪಿನ ಹೃದ್ರೋಗ ತಜ್ಞರ ಸಂಘ ಕ್ಯಾನ್ಸರ್ ಆದವರ ಹೃದಯಕ್ಕೇ ಅಂತ 2022ರಲ್ಲಿ ಮೊದಲ ಸಲ ಮಾರ್ಗಸೂಚಿ ತಂದಿದೆ. 5-ಎಫ್‌ಯು ಕೊಡೋ ಮುಂಚೆ ಬಿಪಿ, ಇಸಿಜಿ, ಕೊಲೆಸ್ಟ್ರಾಲ್, ಶುಗರ್ ನೋಡಿ ಅನ್ನುತ್ತೆ. ನಮ್ಮ ದೊಡ್ಡ ಊರುಗಳಲ್ಲಿ ಕಾರ್ಡಿಯೋ-ಆಂಕಾಲಜಿ ಅಂತ ಬೋರ್ಡುಗಳೂ ಕಾಣ್ತಿವೆ. ತಿಪಟೂರಿಗೆ ಅದು ಬರೋ ತನಕ ನಾವೇ ಬರ್ಕೊಳ್ಳೋಣ. ಆ ನೋಟ್‌ಬುಕ್ ಇತ್ತ ಕೊಡಿ. ಯಾವ ವರ್ಷ ಆಪರೇಶನ್, ಎಲ್ಲಿ ಕತ್ತರಿಸಿದ್ದು. ಯಾವ ಕೀಮೋ, ಎಷ್ಟು ಸೈಕಲ್.

— ಕೆಂಪು ಇಂಕಲ್ಲಿ ಬರಿ, ಮೊದಲ ಸೈಕಲ್ಲಲ್ಲಿ ಎದೆನೋವು, ಡೋಸ್ ಇಳಿಸಿದ್ದು.

— ಬರೆದೆ. ಕರೆಂಟ್, ಎಲ್ಲಿಗೆ. ಅಂಗಾಲು ಜೋಮು. ಸ್ಟೆಂಟ್ ಹಾಕಿದ ತಾರೀಖು, ಯಾವ ನಾಳಕ್ಕೆ. ಕ್ಲೊಪಿಡೊಗ್ರೆಲ್ ಯಾವ ತಿಂಗಳ ತನಕ, ಇದಕ್ಕೆ ಹಾರ್ಟ್ ಡಾಕ್ಟರ ಸಹಿ ಹಾಕಿಸ್ಕೊಂಡು ಬನ್ನಿ. ಈಗಿನ ಮಾತ್ರೆಗಳ ಹೆಸರು ನಾನು ಕಂಪ್ಯೂಟರಿನಿಂದ ತೆಗೆದು ಅಂಟಿಸ್ತೀನಿ. ಮನೆಯಲ್ಲಿ ಯಾರಿಗಾದ್ರೂ ಹೃದಯದ್ದು, ಕರುಳಿಂದು?

— ನಮ್ಮಪ್ಪ ಐವತ್ತೆಂಟಕ್ಕೆ ಎದೆನೋವು ಅಂತ ತೋಟದಲ್ಲೇ ಹೋದ್ರು. ಕರುಳಿಂದು ನಾನೇ ಮೊದಲು.

— ಮಗನಿಗೆಷ್ಟು ವಯಸ್ಸು?

— ಈ ಶ್ರಾವಣಕ್ಕೆ ಮೂವತ್ತೊಂಬತ್ತು. ಬೆಂಗಳೂರಲ್ಲಿ ಸಾಫ್ಟ್‌ವೇರು. ಬೆಳಿಗ್ಗೆಯಿಂದ ರಾತ್ರಿ ತನಕ ಕೂತ ಕುರ್ಚಿ ಬಿಟ್ಟು ಏಳಲ್ಲ, ಊಟ ಆ್ಯಪಲ್ಲಿ ಬರುತ್ತೆ.

— ಅಪ್ಪನಿಗೋ ಅಮ್ಮನಿಗೋ ಕರುಳಿನ ಕ್ಯಾನ್ಸರ್ ಆಗಿದ್ರೆ ಮಕ್ಕಳು ನಲವತ್ತಕ್ಕೆ, ಇಲ್ಲ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಅವಾಗ ಕೊಲೊನೋಸ್ಕೋಪಿ ಶುರು ಮಾಡಬೇಕು. ನಿಮಗೆ ಬಂದಾಗ 61. ಅಂದ್ರೆ ಅವನಿಗೆ ಮುಂದಿನ ವರ್ಷ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಅಷ್ಟು ಕಾಯೋದು ಬೇಡ, ಈ ವಾರವೇ ನೋಡಿಸಲಿ.

— ಹೇಳಿ ನೋಡಿದ್ದೀನಿ. ಕೊಲೊನೋಸ್ಕೋಪಿ ಅಂದ ತಕ್ಷಣ, ಅಪ್ಪಾ ಮೀಟಿಂಗಲ್ಲಿದ್ದೀನಿ ಅಂತ ಫೋನ್ ಇಡ್ತಾನೆ.

— ಸೊಸೆ ನಂಬರ್ ಕೊಡಿ.